ಓಟದ ಕೀರ್ತಿಯೂ ಸಂತೆಯ ಕ್ರಯವೂ

ವೇಗದಲ್ಲಿ ಹೆಸರಾದ ವಸ್ತುವಿಗೆ ಸಂತೆಯಲ್ಲಿಯೂ ಗಿರಾಕಿ ಹೆಚ್ಚೆಂಬುದು ಲೋಕದ ಸಾಮಾನ್ಯವಾದ ನಂಬಿಕೆ. ಗಾಡಿಯೋಟದಲ್ಲಿ ಮುಂದೆ ಬಂದ ಎತ್ತುಗಳ ತಳಿಯನ್ನು ರೈತರೆಲ್ಲರೂ ಕೊಳ್ಳುವರು, ಪಂದ್ಯದಲ್ಲಿ ಗೆದ್ದ ಕಾರನ್ನು ಮಾಡಿದ ಕಂಪೆನಿಯ ಅಂಗಡಿಯ ಮುಂದೆ ಮಾರನೆಯ ದಿನವೇ ಜನ ಸಾಲುಗಟ್ಟುವರು, ಎಂದು ವ್ಯಾಪಾರಿಗಳೂ ಹೇಳುವರು, ಕೇಳಿದವರೂ ತಲೆದೂಗುವರು. ಈ ನಂಬಿಕೆಯಲ್ಲಿ ನಿಜವೆಷ್ಟು, ಪೊಳ್ಳೆಷ್ಟು ಎಂಬುದನ್ನು ಈ ತಿಂಗಳು ನಮ್ಮ ವಾಚಕರೊಡನೆ ಕುಳಿತು ವಿಚಾರಿಸಬೇಕೆಂದಿದ್ದೇವೆ.

ಇದು ಕೇವಲ ವ್ಯಾಪಾರಿಗಳ ಪ್ರಶ್ನೆಯಲ್ಲ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮನೆಗಳಲ್ಲಿಯೂ ಈಗ ಕಾರು ಕೊಳ್ಳುವ ಮಾತು ಕೇಳಿಬರುತ್ತಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಹಬ್ಬಕ್ಕೆ ಬಂದಾಗ ಸ್ಪೋರ್ಟ್ಸ್ ಸೆಡಾನುಗಳ ಗುಣಗಾನ ಮಾಡುವನು. ಸ್ಪೋರ್ಟ್ಸ್ ಸೆಡಾನ್ ಎಂದರೆ ನಾಲ್ಕು ಬಾಗಿಲಿನ ಸಂಸಾರದ ಕಾರಿನ ಮೈಯೊಳಗೆ ಪಂದ್ಯದ ಕಾರಿಗೆ ತಕ್ಕ ಎಂಜಿನ್ನನ್ನು ಇಟ್ಟದ್ದು. ತಂದೆಯು ಬೆಲೆಯನ್ನು ಕೇಳಿ ಸುಮ್ಮನಾಗುವನು. ಕಂತಿನ ಸಾಲ ಐದಾರು ವರ್ಷ ಮನೆಯ ಮೇಲೆ ಕೂಡುವುದು. ಆದುದರಿಂದ ಹೆಸರಿಗೆ ಎಷ್ಟು ಬೆಲೆ ಕೊಡುತ್ತಿದ್ದೇವೆ, ಕೆಲಸಕ್ಕೆ ಎಷ್ಟು ಬೆಲೆ ಕೊಡುತ್ತಿದ್ದೇವೆ ಎಂಬ ವಿವೇಕವು ಗೃಹಸ್ಥರಿಗೆ ಅತ್ಯಗತ್ಯವಾದುದು.

ಮೊದಲು ತರ್ಕಶಾಸ್ತ್ರದ ಒಂದು ಹಳೆಯ ಪಾಠವನ್ನು ನೆನೆಯೋಣ. ಹೊಗೆಯಿರುವಲ್ಲಿ ಬೆಂಕಿಯುಂಟೆಂಬ ಮಾತು ಸರಿ. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂಬ ಮಾತು ಸರಿಯಲ್ಲ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಬೆಂಕಿಯ ಜತೆಗೆ ಹಸಿ ಸೌದೆಯೂ ಕೂಡಬೇಕು. ಹೀಗೆ ನಡುವೆ ಸೇರಬೇಕಾದ ಮೂರನೆಯದನ್ನು ನೈಯಾಯಿಕರು ಉಪಾಧಿ ಎಂದು ಕರೆದರು. ಕೀರ್ತಿಯನ್ನು ಬೆಂಕಿಯೆಂದೂ ಮಾರಾಟವನ್ನು ಹೊಗೆಯೆಂದೂ ಇಟ್ಟುಕೊಂಡರೆ ನಮ್ಮ ಪ್ರಶ್ನೆಯು ಇಷ್ಟೆ: ಕೀರ್ತಿಯೊಡನೆ ಯಾವುದು ಸೇರಿದರೆ ಮಾರಾಟವೇಳುವುದು?

ಇನ್ನೊಂದು ಭೇದವನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೆಲೆ ಬೇರೆ, ಮಾರಾಟ ಬೇರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವದಲ್ಲಿ ಮುಕ್ತಿಬಾವುಟವು ಹರಾಜಾಗುವುದನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಅದು ಹಲವು ಲಕ್ಷ ರೂಪಾಯಿಗಳಿಗೆ ಏರುವುದು. ಅದು ಭಕ್ತಿಯ ಬೆಲೆ. ಆ ಬೆಲೆಯನ್ನು ನೋಡಿ ಯಾವನೂ ಬಾವುಟದ ಅಂಗಡಿಯನ್ನು ತೆರೆಯಲಿಲ್ಲ. ಒಂದು ವಸ್ತುವಿಗೆ ಒಬ್ಬನು ಬಹಳ ಹಣವನ್ನು ಕೊಟ್ಟದ್ದು ಬೆಲೆ. ಸಾವಿರ ಮನೆಗಳವರು ತಮ್ಮ ಶಕ್ತಿಗೆ ತಕ್ಕಂತೆ ಕೊಂಡು ಒಯ್ದದ್ದು ಮಾರಾಟ. ಕೀರ್ತಿಯು ಮೊದಲನೆಯದನ್ನು ತರುವುದು ಸುಲಭ. ಎರಡನೆಯದನ್ನು ತರುವುದು ಕಷ್ಟ.

ಈ ವಿಷಯಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ದೇಶಕ್ಕೆ ಹೋಗಬೇಕಾದುದಿಲ್ಲ. ಮೋಟಾರು ಬರುವುದಕ್ಕೆ ಬಹಳ ಮುಂಚೆಯೇ ವೇಗಕ್ಕಾಗಿ ಸಾಕಿದ ವಾಹನವೊಂದು ನಮ್ಮ ಚಳ್ಳಕೆರೆಯ ಕಾವಲುಗಳಲ್ಲಿ ಮೇಯುತ್ತಿದ್ದಿತು. ಅದೇ ಅಮೃತಮಹಲ್ ತಳಿ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದಲ್ಲಿ ಬೆಣ್ಣೆಚಾವಡಿಯೆಂಬ ಹೆಸರಿನಿಂದ ಅರಮನೆಗೆ ಹಾಲುಬೆಣ್ಣೆಗಳನ್ನು ಒದಗಿಸುತ್ತಿದ್ದ ಈ ಮಂದೆಯು ಹೈದರಾಲಿಯ ಕಾಲಕ್ಕೆ ದಂಡಿನ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆಯುವ ಕೆಲಸಕ್ಕೆ ಬಂದಿತು. ಟೀಪೂ ಸುಲ್ತಾನನು ಇದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಮಂದೆಯ ಪಾಲನೆಗೆ ವಿವರವಾದ ಹುಕುಂನಾಮೆಯನ್ನು ಹೊರಡಿಸಿದನು. ಚಿದಂಬರವನ್ನು ರಕ್ಷಿಸುವುದಕ್ಕಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿಗಳನ್ನು ಕ್ರಮಿಸಿದುದು ಈ ಎತ್ತುಗಳ ಬಲದಿಂದಲೇ ಎಂದು ಗ್ಯಾಸೆಟಿಯರುಗಳು ಹೇಳುವುವು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂದೆಯು ಇಂಗ್ಲಿಷರ ಕೈಸೇರಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಕರ್ನಲ್ ವೆಲ್ಲೆಸ್ಲಿಯು ಇವುಗಳ ನಡಿಗೆಯನ್ನೂ ಸಹಿಷ್ಣುತೆಯನ್ನೂ ಬಹುವಾಗಿ ಮೆಚ್ಚಿದನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂದು ಈ ಮಂದೆಯಲ್ಲಿ ಮೂರು ಭೇದಗಳನ್ನು ಎಣಿಸುತ್ತಿದ್ದರೆಂಬುದು ನಮ್ಮ ಜಿಲ್ಲೆಗೆ ಅಭಿಮಾನದ ಸಂಗತಿ.

ಇಷ್ಟು ಕೀರ್ತಿಯನ್ನು ಪಡೆದ ಈ ತಳಿಯು ಮನೆಮನೆಯ ಕೊಟ್ಟಿಗೆಯನ್ನು ತುಂಬಿತೆ? ಇಲ್ಲ. ಅದರ ಕಾರಣವನ್ನು ವಿಚಾರಿಸಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರವು ದೊರೆಯುವುದು. ಈ ವೇಗಕ್ಕೆ ನಿಜವಾದ ಗಿರಾಕಿಯು ದಂಡು ಒಂದೇ ಆಗಿದ್ದಿತು. ಬೇಸಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಹೀಗೆ ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಮಂದೆಯನ್ನು ನಡೆಸುತ್ತಿದ್ದುದರಿಂದ ಆ ದನಗಳಿಗೆ ಗಟ್ಟಿಗೊರಸೂ ಬಿರುಸಾದ ಸ್ವಭಾವವೂ ಬಂದುವು. ಅದೇ ಸ್ವಭಾವವು ಗೃಹಸ್ಥನ ಅಂಗಳದಲ್ಲಿ ತೊಡಕಾಯಿತು. ಹಸು ಕೊಡುವ ಹಾಲು ಕರುವಿಗೇ ಸರಿ. ಹೋರಿಯನ್ನು ಪಳಗಿಸಬೇಕಾದರೆ ತಾಳ್ಮೆಯೂ ಆಳೂ ಬೇಕು. ಅದಕ್ಕೆ ಪೂರ್ಣ ಬಲ ಬರಬೇಕಾದರೆ ನಾಲ್ಕೈದು ವರ್ಷ ಕಾಯಬೇಕು. ಚಳ್ಳಕೆರೆಯು ಎಣ್ಣೆಯ ಗಿರಣಿಗಳಿಂದ ಎರಡನೆಯ ಮುಂಬಯಿ ಎನಿಸಿಕೊಂಡ ದಿನಗಳಲ್ಲಿಯೂ ಶೇಂಗಾ ಚೀಲವನ್ನು ಹೇರಿಕೊಂಡು ಬರುವ ರೈತನಿಗೆ ಬೇಕಾಗಿದ್ದುದು ಎರಡೂವರೆ ದಿನಕ್ಕೆ ನೂರು ಮೈಲಿ ಓಡುವ ಎತ್ತಲ್ಲ. ಬೆಳಗ್ಗೆ ಹೊಲವನ್ನು ಉತ್ತು, ಮಧ್ಯಾಹ್ನ ಗಾಡಿಗೆ ಕಟ್ಟಿಸಿಕೊಂಡು, ಸಂಜೆ ಮನೆಯ ಮಕ್ಕಳು ಹಗ್ಗ ಹಿಡಿದರೂ ಸುಮ್ಮನೆ ಬರುವ ಎತ್ತು ಅವನಿಗೆ ಬೇಕು.

ದಂಡಿನ ಗಿರಾಕಿತನವು ಎಷ್ಟು ಮುಖ್ಯವಾಗಿದ್ದಿತೆಂಬುದನ್ನು ಒಂದು ಪ್ರಸಂಗವು ತೋರಿಸುವುದು. ೧೮೬೦ರಲ್ಲಿ ಸರ್ಕಾರವು ಖರ್ಚನ್ನು ಉಳಿಸಬೇಕೆಂದು ಈ ಮಂದೆಯನ್ನು ಮಾರಿ ಚದುರಿಸಿತು. ದಂಡಿಗೆ ತಕ್ಕ ಎತ್ತುಗಳು ಬೇಕಾದಾಗ ಹೊರಗೆ ದೊರೆಯದೆ ೧೮೬೬ರಲ್ಲಿ ಮಂದೆಯನ್ನು ಮತ್ತೆ ಕಟ್ಟಬೇಕಾಯಿತು. ಇಂತಹ ಪ್ರಾಣಿಯನ್ನು ಸಾಕುವುದಕ್ಕೆ ಸಂಸ್ಥಾನದ ಕಾವಲುಗಳೂ ದಂಡಿನ ಅಗತ್ಯವೂ ಇರಬೇಕಾಗಿದ್ದುವು. ಸಂತೆಯೊಂದರ ಬಲದಿಂದ ಆ ತಳಿ ನಿಲ್ಲುವಂತಿರಲಿಲ್ಲ. ಫಿರಂಗಿಯನ್ನೆಳೆಯುವುದಕ್ಕೆ ಮೋಟಾರು ಬಂದ ಮೇಲೆ ಆ ಒಬ್ಬ ಗಿರಾಕಿಯೂ ಹೊರಟುಹೋದನು. ೧೯೨೯ರಿಂದ ಅಜ್ಜಂಪುರದ ತಳಿ ಸಂವರ್ಧನ ಕೇಂದ್ರವು ಈ ವಂಶವನ್ನು ಕಾಪಾಡಿಕೊಂಡು ಬಂದಿದೆ. ಅಲ್ಲಿಯ ಹೋರಿಕರುಗಳ ಹರಾಜಿಗೆ ಇಂದಿಗೂ ದೂರದೂರದಿಂದ ರೈತರು ಬರುವರು. ಜೋಡಿಯೊಂದಕ್ಕೆ ಲಕ್ಷ ರೂಪಾಯಿ ಮೀರಿದ ಬೆಲೆ ಬಂದದ್ದೂ ಉಂಟು. ಬೆಲೆಯುಂಟು, ಆದರೆ ತಳಿಯ ಒಟ್ಟು ಸಂಖ್ಯೆಯು ಮಾತ್ರ ಕುಗ್ಗುತ್ತಲೇ ಬಂದಿದೆ.

ಈಗ ಇದರ ಪ್ರತಿಸ್ಪರ್ಧಿಯನ್ನು ನೋಡೋಣ. ಹಳ್ಳಿಕಾರ್ ತಳಿಯು ಅಮೃತಮಹಲಿಗೆ ಪರಕೀಯವಲ್ಲ. ರಕ್ತದಿಂದ ಸೋದರವೇ ಸರಿ. ಆದರೆ ಹಳ್ಳಿಕಾರ್ ದನಗಳು ಬೆಳೆದುದು ಅರಸರ ಕಾವಲಿನಲ್ಲಲ್ಲ. ತುಮಕೂರು, ಮಂಡ್ಯ, ಬೆಂಗಳೂರು, ಹಾಸನದ ಸೀಮೆಗಳ ರೈತರ ಕೊಟ್ಟಿಗೆಗಳಲ್ಲಿ. ಘಾಟಿ ಸುಬ್ರಹ್ಮಣ್ಯದಂತಹ ಜಾತ್ರೆಗಳಲ್ಲಿ ಅವುಗಳನ್ನು ಕೊಳ್ಳಬಹುದು, ಎರಡು ಮೂರು ವರ್ಷ ಉತ್ತು ಮತ್ತೆ ಮಾರಬಹುದು. ಯುದ್ಧದ ಕಥೆಗಳು ಅದರ ಹೆಸರಿನಲ್ಲಿ ಅಷ್ಟಾಗಿ ಇಲ್ಲ. ಆದರೂ ಇಂದು ಅದರ ಸಂಖ್ಯೆ ಅಮೃತಮಹಲಿನದಕ್ಕಿಂತ ಹಲವು ಪಟ್ಟು ಹೆಚ್ಚು. ಅಣ್ಣನು ರಣರಂಗದಲ್ಲಿ ಗಳಿಸಿದ ಹೆಸರಿನ ಫಲವನ್ನು ತಮ್ಮನು ಸಂತೆಯಲ್ಲಿ ಉಂಡನೆಂದು ಬೇಕಾದರೆ ಹೇಳಬಹುದು. ಮೈಸೂರು ಸೀಮೆಯ ಎತ್ತೆಂದರೆ ಓಟದ ಎತ್ತೆಂಬ ಮಾತು ಇಬ್ಬರಿಗೂ ಅನ್ವಯಿಸಿತು. ಕೈಗೆ ಸಿಕ್ಕಿದವನು ಹಳ್ಳಿಕಾರ್ ಮಾತ್ರ.

ನಮ್ಮ ಸೀಮೆಯಲ್ಲಿ ಮೂರನೆಯ ಪಕ್ಷವೂ ಒಂದುಂಟು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳ ಮಂದೆಗಳಿವೆ. ಕಿಲಾರಿಗಳು ಅವುಗಳನ್ನು ಕಾಯುವರು. ಅವುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಅಲ್ಲಿ ಮರ್ಯಾದೆಯು ಪೂರ್ಣವಾಗಿದೆ, ಮಾರಾಟವು ಶೂನ್ಯವಾಗಿದೆ. ಮಾರಾಟವಿಲ್ಲವೆಂದ ಮಾತ್ರಕ್ಕೆ ಕೀರ್ತಿಯು ವ್ಯರ್ಥವಲ್ಲವೆಂಬುದನ್ನು ಆ ಹಟ್ಟಿಗಳಿಂದ ಕಲಿಯಬಹುದು. ಆದರೆ ಅಂಗಡಿಯಿಟ್ಟವನು ಈ ಮಾತಿನಿಂದ ಸಮಾಧಾನ ಹೊಂದಲಾರನಷ್ಟೆ.

ಇನ್ನು ಮೋಟಾರಿನ ಕಡೆಗೆ ಬರೋಣ. ಜರ್ಮನಿಯ ಮೆರ್ಸಿಡಿಸ್ ಬೆಂಜ್, ಬಿ.ಎಂ.ಡಬ್ಲ್ಯು. ಎಂಬ ಎರಡು ಕಂಪೆನಿಗಳ ಸ್ಪರ್ಧೆಯು ಪ್ರಸಿದ್ಧವಾದುದು. ೧೯೮೩ರ ಆಗಸ್ಟಿನಲ್ಲಿ ಇಟಲಿಯ ನಾರ್ಡೋ ಎಂಬಲ್ಲಿ ಮೆರ್ಸಿಡಿಸ್ ಕಂಪೆನಿಯು ತನ್ನ ೧೯೦ ಎಂಬ ಸಣ್ಣ ಸೆಡಾನಿನ ವೇಗದ ಅವತಾರವನ್ನು ೫೦,೦೦೦ ಕಿಲೋಮೀಟರು ಓಡಿಸಿ, ಗಂಟೆಗೆ ಸರಾಸರಿ ಸುಮಾರು ೨೪೭ ಕಿಲೋಮೀಟರಿನ ದಾಖಲೆಯನ್ನು ಸ್ಥಾಪಿಸಿತು. ಬಿ.ಎಂ.ಡಬ್ಲ್ಯು. ಅದಕ್ಕೆ ಉತ್ತರವಾಗಿ ೧೯೮೬ರಲ್ಲಿ ಎಂ-೩ ಎಂಬ ಕಾರನ್ನು ಹೊರತಂದು, ಮರುವರ್ಷವೇ ಟೂರಿಂಗ್ ಕಾರುಗಳ ವಿಶ್ವ ಚಾಂಪಿಯನ್ ಪಟ್ಟವು ತನ್ನ ಚಾಲಕನಿಗೆ ದೊರೆಯುವಂತೆ ಮಾಡಿತು. ಪಂದ್ಯಕ್ಕೆ ಇಳಿಸಬೇಕಾದರೆ ಅಂತಹ ೫,೦೦೦ ಕಾರುಗಳನ್ನಾದರೂ ಸಾರ್ವಜನಿಕರಿಗಾಗಿ ಮಾಡಬೇಕೆಂಬ ನಿಯಮವಿದ್ದುದರಿಂದಲೇ ಇವು ಅಂಗಡಿಗೆ ಬಂದುವೆಂಬುದನ್ನು ವಾಚಕರು ಗಮನಿಸಬೇಕು.

ಲೆಕ್ಕವನ್ನು ನೋಡೋಣ. ಆ ತಲೆಮಾರಿನ ಎಂ-೩ ಕಾರುಗಳು ಒಟ್ಟು ಸುಮಾರು ೧೮ ಸಾವಿರ. ಅದೇ ಮೈಕಟ್ಟಿನ ಸಾಮಾನ್ಯ ೩-ಸರಣಿಯ ಕಾರುಗಳನ್ನೂ ಕೂಡಿಸಿದರೆ ಸುಮಾರು ೨೩ ಲಕ್ಷ. ಎಂದರೆ ನೂರಕ್ಕೆ ಒಂದೂ ಎಂ-೩ ಅಲ್ಲ. ಮೆರ್ಸಿಡಿಸ್ ೧೯೦ ಕಾರುಗಳು ಒಟ್ಟು ೧೯ ಲಕ್ಷದ ಹತ್ತಿರ. ಅವುಗಳಲ್ಲಿ ವೇಗದವು ಸುಮಾರು ೨೫ ಸಾವಿರ. ಪಂದ್ಯವನ್ನು ಗೆದ್ದುದು ಒಂದು ಕಾರು, ಮನೆಗೆ ಬಂದುದು ಅದರ ಸೌಮ್ಯನಾದ ಸೋದರನು. ಆ ಸೋದರನ ಮೂಗೂ ಮುದ್ರೆಯೂ ಗೆದ್ದವನಂತೆಯೇ ಇದ್ದುದರಿಂದ ಕೀರ್ತಿಯ ಕಾಂತಿಯು ಅವನ ಮೇಲೂ ಬಿದ್ದಿರಬೇಕು. ಆದರೆ ೨೩ ಲಕ್ಷಕ್ಕೂ ೧೯ ಲಕ್ಷಕ್ಕೂ ಇರುವ ಅಂತರವೆಲ್ಲ ಪಂದ್ಯದ ಫಲವೆಂದು ಹೇಳುವುದು ಆತುರದ ಮಾತಾದೀತು. ಬಿ.ಎಂ.ಡಬ್ಲ್ಯು. ಆ ಕಾರನ್ನು ಎರಡು ಬಾಗಿಲು, ನಾಲ್ಕು ಬಾಗಿಲು, ತೆರೆಯುವ ಮಾಡು, ಸಾಮಾನಿನ ಹಿಂಬದಿ ಎಂದು ಹಲವು ರೂಪಗಳಲ್ಲಿ ಮಾರಿತು. ಮೆರ್ಸಿಡಿಸ್ ನಾಲ್ಕು ಬಾಗಿಲಿನದೊಂದನ್ನೇ ಮಾರಿತು. ಕಾರಣವು ಹಲವಾಗಿರುವಲ್ಲಿ ಒಂದಕ್ಕೇ ಹಾರ ಹಾಕುವುದು ಪಂಡಿತರ ಲಕ್ಷಣವಲ್ಲ.

ಜಪಾನಿನ ಎರಡು ಕಂಪೆನಿಗಳ ಕಥೆಯು ಇನ್ನೂ ಸ್ಪಷ್ಟವಾಗಿದೆ. ಮಿತ್ಸುಬಿಶಿಯ ಲ್ಯಾನ್ಸರ್ ಇವಲ್ಯೂಷನ್ ಕಾರಿನಲ್ಲಿ ಫಿನ್ಲೆಂಡಿನ ಟಾಮಿ ಮ್ಯಾಕಿನೆನ್ ೧೯೯೬ರಿಂದ ೧೯೯೯ರವರೆಗೆ ನಾಲ್ಕು ವರ್ಷ ಸತತವಾಗಿ ವಿಶ್ವ ರ್‍ಯಾಲಿ ಚಾಂಪಿಯನ್ ಆದನು. ಅದರ ಪ್ರತಿಸ್ಪರ್ಧಿಯಾದ ಸುಬಾರು ಕಂಪೆನಿಯು ೧೯೯೫ರಿಂದ ೧೯೯೭ರವರೆಗೆ ತಯಾರಕರ ಪ್ರಶಸ್ತಿಯನ್ನು ಗೆದ್ದಿತು. ಇಬ್ಬರದೂ ಸಮಸಮವಾದ ಕೀರ್ತಿ. ಆದರೆ ಇವಲ್ಯೂಷನ್ ಕಾರಿನ ತಯಾರಿಕೆಯು ೨೦೧೬ರಲ್ಲಿ ನಿಂತೇಹೋಯಿತು. ಸುಬಾರುವಾದರೋ ರ್‍ಯಾಲಿಯಲ್ಲಿ ಹೆಸರಾದ ನಾಲ್ಕು ಚಕ್ರಗಳ ಎಳೆತವನ್ನೇ ತನ್ನ ಸಂಸಾರದ ಬಂಡಿಗಳಿಗೂ ಇಟ್ಟಿತು. ಹಿಮ ಬೀಳುವ ಅಮೆರಿಕದ ಊರುಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ತಾಯಿಗೆ ಅದು ನಿಜವಾಗಿ ಉಪಯೋಗಕ್ಕೆ ಬಂದಿತು. ಆ ಕಂಪೆನಿಯ ಮಾರಾಟದ ಬಹುಭಾಗವು ಅಂತಹ ಬಂಡಿಗಳದೇ, ಪಂದ್ಯದ ಕಾರಿನದಲ್ಲ.

ನಮ್ಮ ದೇಶದಲ್ಲಿ ಏನಾಯಿತು? ೧೯೯೮ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಂಪೆನಿಯು ಮಿತ್ಸುಬಿಶಿ ಲ್ಯಾನ್ಸರನ್ನು ಇಲ್ಲಿಗೆ ತಂದಿತು. ಅದೇ ವರ್ಷ ಹೋಂಡಾ ಸಿಟಿಯೂ ಬಂದಿತು. ರ್‍ಯಾಲಿಯ ತೇಜಸ್ಸು ಲ್ಯಾನ್ಸರಿನ ಹೆಸರಿನಲ್ಲಿಯೇ ಇದ್ದಿತು. ಬೆಂಗಳೂರಿನ ಕೆ-೧೦೦೦ ರ್‍ಯಾಲಿಯನ್ನು ನೋಡಲು ಹೋಗುವ ಯುವಕರು ಅದರ ಹೆಸರನ್ನು ಜಪಿಸುತ್ತಿದ್ದರು. ಕಾಲಕ್ರಮದಲ್ಲಿ ಲ್ಯಾನ್ಸರ್ ನಮ್ಮ ಅಂಗಡಿಗಳಿಂದ ಮರೆಯಾಯಿತು. ಸಿಟಿಯು ತಲೆಮಾರಿನ ಮೇಲೆ ತಲೆಮಾರು ಬದಲಾಗಿ ಇಪ್ಪತ್ತೈದು ವರ್ಷಗಳನ್ನು ದಾಟಿತು. ಇನ್ನೂ ಸೋಜಿಗವಾದುದು ಜರ್ಮನಿಯವರ ನಡತೆ. ಇಲ್ಲಿ ಅಂತಹ ಕಾರಿನ ಒಡೆಯನು ಅನೇಕ ವೇಳೆ ಚಾಲಕನನ್ನು ಮುಂದೆ ಕೂರಿಸಿ ತಾನು ಹಿಂದೆ ಕೂಡುವನು. ಇದನ್ನರಿತ ಮೆರ್ಸಿಡಿಸ್ ೨೦೧೭ರಲ್ಲಿ ತನ್ನ ಇ-ಕ್ಲಾಸ್ ಕಾರನ್ನು ಹಿಂಬದಿಯಲ್ಲಿ ಕಾಲು ಚಾಚುವಂತೆ ಉದ್ದಮಾಡಿ ತಂದಿತು. ಅದೇ ಆ ಕಂಪೆನಿಗೆ ಇಲ್ಲಿ ಹೆಚ್ಚು ಮಾರಾಟವನ್ನು ತಂದುಕೊಟ್ಟಿತು. ಓಡಿಸುವವನ ಸುಖಕ್ಕೇ ಹೆಸರಾದ ಬಿ.ಎಂ.ಡಬ್ಲ್ಯು. ಕೂಡ ೨೦೨೧ರಲ್ಲಿ ತನ್ನ ೩-ಸರಣಿಯನ್ನು ಗ್ರ್ಯಾನ್ ಲಿಮೋಸಿನ್ ಎಂಬ ಹೆಸರಿನಿಂದ ಉದ್ದಮಾಡಿ ಇಲ್ಲಿ ಮಾರಲು ತೊಡಗಿತು. ಗೆದ್ದ ಓಟಗಾರನು ಪಲ್ಲಕ್ಕಿಯನ್ನು ಹೊರಲು ಒಪ್ಪಿಕೊಂಡಂತಾಯಿತು.

ಇವುಗಳಿಂದ ಉಪಾಧಿಯು ತಾನಾಗಿ ಹೊರಬೀಳುವುದು. ಕೀರ್ತಿಯು ಮಾರಾಟವಾಗಬೇಕಾದರೆ ಮೂರು ಕೂಡಬೇಕು. ಕೀರ್ತಿಗೆ ಕಾರಣವಾದ ಗುಣವೇ ಕೊಳ್ಳುವವನ ದಿನದ ಕೆಲಸಕ್ಕೂ ಬರಬೇಕು. ಗೆದ್ದ ವಸ್ತುವಿಗೆ ಸಾಮಾನ್ಯರ ಕೈಗೆಟಕುವ ಸೋದರನೊಬ್ಬನಿರಬೇಕು. ಕೊಂಡ ಮೇಲೆ ಅದನ್ನು ಸಾಕುವ ಅನುಕೂಲವು ಕೊಂಡವನ ಊರಿನಲ್ಲಿಯೇ ಇರಬೇಕು. ಈ ಹಸಿ ಸೌದೆಯಿಲ್ಲದ ಕೀರ್ತಿಯು ಕಾದ ಕಬ್ಬಿಣದ ಗುಂಡಿನಂತೆ ನೋಡುವುದಕ್ಕೆ ಮಾತ್ರ ಕೆಂಪಾಗಿರುವುದು.

ಮೊಳಕಾಲ್ಮುರಿನ ನೇಕಾರರಿಗೂ ಈ ಮಾತು ಸಲ್ಲುವುದು. ಅವರ ರೇಷ್ಮೆ ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾನ್ಯತೆಯು ಹೆಸರನ್ನು ಕಳ್ಳರಿಂದ ಕಾಯುವುದೇ ಹೊರತು ಗಿರಾಕಿಯನ್ನು ಮಗ್ಗದ ಬಾಗಿಲಿಗೆ ಕರೆತರಲಾರದು. ಧಾರೆಯ ಸೀರೆಯ ಹೆಸರಿನ ನೆರಳಿನಲ್ಲಿ ಹಬ್ಬಕ್ಕೆ ಉಡುವಂತಹ ಹಗುರವಾದ ಸೀರೆಯೂ ಸಿಕ್ಕಿದರೆ ಆ ಹೆಸರು ವರ್ಷವೆಲ್ಲ ಅನ್ನವಿಕ್ಕೀತು.

ಅಮೃತಮಹಲಿನ ವಿಷಯವು ಇದಕ್ಕಿಂತ ಗಹನವಾದುದು. ೨೦೦೯ರಿಂದೀಚೆಗೆ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹೋದುವು. ೨೦೧೭ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾಂಗಣವು ಆರಂಭವಾಯಿತು. ೨೦೨೩ರ ಏಪ್ರಿಲ್ ೨ರಂದು ಇಸ್ರೋ ಸಂಸ್ಥೆಯ ರೆಕ್ಕೆಯ ವಾಹನವು ಹೆಲಿಕಾಪ್ಟರಿನಿಂದ ಬಿಡಲ್ಪಟ್ಟು, ಸಾರಥಿಯಿಲ್ಲದೆ ತಾನೇ ಅಲ್ಲಿಯ ಓಡುದಾರಿಗೆ ಇಳಿಯಿತು. ದೇಶಕ್ಕೆ ಅದು ಹೆಮ್ಮೆಯೇ ಸರಿ. ಆದರೆ ಕುರಿದನಗಳನ್ನು ಅಲ್ಲಿಯೇ ಮೇಯಿಸುತ್ತಿದ್ದ ಸುತ್ತಣ ಹಳ್ಳಿಗಳವರಿಗೆ ಹುಲ್ಲಿನ ನೆಲವು ಕುಗ್ಗಿದುದೂ ನಿಜ. ಸಂತೆಯ ಗಿರಾಕಿಯಿಂದ ಬದುಕಲಾರದ ತಳಿಗೆ ಕಾವಲೇ ಆಧಾರ. ಕಾವಲನ್ನು ತೆಗೆದುಕೊಂಡು, ಹೆಸರನ್ನು ಮಾತ್ರ ಪುಸ್ತಕದಲ್ಲಿ ಇಟ್ಟರೆ ಅದು ಸೌದೆಯನ್ನು ಕದ್ದು ಬೆಂಕಿಯನ್ನು ಹೊಗಳಿದಂತೆ. ಸಂತೆ ಕೊಡದ ಆಶ್ರಯವನ್ನು ಸಮಾಜವು ಕೊಡಬೇಕಾದ ಸ್ಥಳವಿದು.

ಗೃಹಸ್ಥರಿಗೆ ನಾವು ಹೇಳುವುದು ಕಿರಿದು. ಕಾರಿನ ಹೆಸರನ್ನು ಕೇಳಿ ಸಂತೋಷಪಡಿರಿ; ಓಡಿಸುವ ಸುಖಕ್ಕೇ ಬೆಲೆ ಕೊಡುವ ಶಕ್ತಿಯುಳ್ಳವನು ಕೊಡಲಿ, ಅದರಲ್ಲಿ ದೋಷವಿಲ್ಲ. ಆದರೆ ಸಾಲದ ಕಾಗದಕ್ಕೆ ರುಜು ಹಾಕುವ ಮುಂಚೆ ಮೂರು ಮಾತುಗಳನ್ನು ಕೇಳಿಕೊಳ್ಳಿರಿ. ಆ ವೇಗವನ್ನು ನಾವು ಎಲ್ಲಿ, ವರ್ಷಕ್ಕೆ ಎಷ್ಟು ದಿನ ಬಳಸುವೆವು? ಅದೇ ಮನೆತನದ ಸೌಮ್ಯವಾದ ಕಾರು ನಮ್ಮ ಕೆಲಸಕ್ಕೆ ಸಾಲದೆ? ಕೆಟ್ಟುನಿಂತರೆ ಚಿತ್ರದುರ್ಗದಲ್ಲಿಯೋ ಬಳ್ಳಾರಿಯಲ್ಲಿಯೋ ರಿಪೇರಿಯಾಗುವುದೋ, ಬೆಂಗಳೂರಿಗೇ ಹೊತ್ತುಕೊಂಡು ಹೋಗಬೇಕೋ? ಈ ಮೂರಕ್ಕೂ ಮಗನು ಸಮಂಜಸವಾದ ಉತ್ತರವನ್ನು ಕೊಟ್ಟರೆ ತಂದೆಯು ಆಶೀರ್ವದಿಸಿ ಹಣ ಕೊಡಬಹುದು. ಕೊಡಲಾರದೆ ಹೋದರೆ, ಆ ಕಾರಿನ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಳ್ಳಲಿ. ಅದಕ್ಕೆ ಕಂತು ಕಟ್ಟಬೇಕಾದುದಿಲ್ಲ.